ಹೆಜಾಜ್ ರೈಲುಮಾರ್ಗದ ಮೈಸ್ನರ್ ಪಾಶಾ: ತಾನು ಕಾಲಿಡಲಾಗದ ನೆಲದಲ್ಲಿ ಹಳಿ ಹಾಸಿಸಿದ್ದು ಹೇಗೆ?

ಇತಿಹಾಸ ಅಧ್ಯಾಪಕಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಪದವಿ ತರಗತಿಗೆ ಒಟ್ಟೋಮನ್ ಸಾಮ್ರಾಜ್ಯದ ಕೊನೆಯ ದಶಕಗಳನ್ನು ಪಾಠ ಮಾಡುವಾಗ ಹೆಜಾಜ್ (ಮಕ್ಕಾ, ಮದೀನಾ ಇರುವ ಪಶ್ಚಿಮ ಅರೇಬಿಯಾದ ಪ್ರದೇಶ) ರೈಲುಮಾರ್ಗದ ಪ್ರಸ್ತಾಪ ಬಂದೇ ಬರುತ್ತದೆ. ಪಠ್ಯದಲ್ಲಿ ಅದಕ್ಕೆ ಸಿಗುವುದು ನಾಲ್ಕೇ ಸಾಲು: ಸುಲ್ತಾನ ಎರಡನೆಯ ಅಬ್ದುಲ್ ಹಮೀದ್ 1900ರಲ್ಲಿ ಯೋಜನೆಯನ್ನು ಘೋಷಿಸಿದ, ಡಮಾಸ್ಕಸ್‌ನಿಂದ ಮದೀನಾದವರೆಗೆ ಸುಮಾರು 1,300 ಕಿಲೋಮೀಟರ್ ಹಳಿ ಬಿತ್ತು, 1908ರಲ್ಲಿ ಕೆಲಸ ಮುಗಿಯಿತು, ಮೊದಲ ಮಹಾಯುದ್ಧದಲ್ಲಿ ಬಹುಭಾಗ ಹಾಳಾಯಿತು. ಮುಖ್ಯ ಎಂಜಿನಿಯರ್ ಆಗಿದ್ದವರು ಹೈನ್ರಿಕ್ ಆಗಸ್ಟ್ ಮೈಸ್ನರ್ ಎಂಬ ಜರ್ಮನ್ ಎಂಬುದು ಅಡಿಟಿಪ್ಪಣಿಯಲ್ಲಿ ಮಾತ್ರ ಕಾಣಿಸುತ್ತದೆ.

ಈ ಬಾರಿ ವಿದ್ಯಾರ್ಥಿಗಳು ಆ ಅಡಿಟಿಪ್ಪಣಿಯನ್ನೇ ಹಿಡಿದುಕೊಂಡರು. ಮುಸ್ಲಿಮರ ದೇಣಿಗೆಯಿಂದ, ಹಜ್ ಯಾತ್ರಿಕರಿಗಾಗಿ, ವಿದೇಶಿ ಕಂಪನಿಗಳನ್ನು ದೂರವಿಟ್ಟು ಕಟ್ಟಬೇಕೆಂದು ಹೊರಟ ಮಾರ್ಗಕ್ಕೆ ಲೈಪ್‌ಜಿಗ್‌ನ ಒಬ್ಬ ಕ್ರೈಸ್ತ ಎಂಜಿನಿಯರನ್ನು ಏಕೆ ನೇಮಿಸಿದರು ಎಂಬುದು ಅವರ ಮೊದಲ ಪ್ರಶ್ನೆ. ಪವಿತ್ರ ನಗರದ ದಿಕ್ಕಿನಲ್ಲಿ ಒಂದು ಹಂತದಿಂದ ಮುಂದಕ್ಕೆ ಮುಸ್ಲಿಮೇತರರಿಗೆ ಪ್ರವೇಶವೇ ಇರಲಿಲ್ಲ ಎಂದ ಮೇಲೆ, ಆ ಭಾಗದ ಕೆಲಸವನ್ನು ಅವರು ನಡೆಸಿದ್ದಾದರೂ ಹೇಗೆ ಎಂಬುದು ಎರಡನೆಯದು. ಮೂರನೆಯದು ನನ್ನದೇ ಪ್ರಶ್ನೆ. ಬಾಗ್ದಾದ್ ರೈಲುಮಾರ್ಗದ ಜೊತೆಗೆ ಸೇರಿಸಿ ಇವರನ್ನೂ ಜರ್ಮನ್ ಚಕ್ರವರ್ತಿ ಕೈಸರನ ಪೂರ್ವದೇಶದ ಮಹತ್ವಾಕಾಂಕ್ಷೆಯ ಕೈಯಾಳೆಂದು ಬರೆದುಬಿಡುವ ರೂಢಿಯಿದೆ. ಒಬ್ಬ ಮನುಷ್ಯನ ಐವತ್ತು ವರ್ಷಗಳ ದುಡಿಮೆಯನ್ನು ಅಷ್ಟು ಸುಲಭವಾಗಿ ಮುಗಿಸಿಬಿಡುವುದು ನನಗೆ ಸರಿಕಾಣುವುದಿಲ್ಲ. ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ರೈಲು ಚರಿತ್ರೆಯ ಆಸಕ್ತ, ಮೈಸೂರು

ಮೇಡಂ, ಮೊದಲ ಪ್ರಶ್ನೆಗೆ ಉತ್ತರ ಮೈಸ್ನರ್ ಅವರ ವೃತ್ತಿಜೀವನದ ಆರಂಭದಲ್ಲಿದೆ. ಅವರು ಹುಟ್ಟಿದ್ದು 1862ರಲ್ಲಿ, ಲೈಪ್‌ಜಿಗ್‌ನಲ್ಲಿ. ಓದಿದ್ದು ಡ್ರೆಸ್ಡೆನ್‌ನ ಪಾಲಿಟೆಕ್ನಿಕ್‌ನಲ್ಲಿ. ಇಪ್ಪತ್ತೈದರ ಆಸುಪಾಸಿನಲ್ಲಿಯೇ ಒಟ್ಟೋಮನ್ ನಾಡಿನ ರೈಲು ಕಾಮಗಾರಿಗಳಿಗೆ ಸೇರಿ, ಬಾಲ್ಕನ್ ಪ್ರದೇಶದಲ್ಲಿ, ವಿಶೇಷವಾಗಿ ಸಲೋನಿಕಾದಿಂದ ಹೊರಡುವ ಮ್ಯಾಸಿಡೋನಿಯಾದ ಮಾರ್ಗಗಳಲ್ಲಿ ಕೆಲಸ ಮಾಡಿದರು. ಹೀಗಾಗಿ ಹೆಜಾಜ್ ಕೆಲಸಕ್ಕೆ ಕರೆ ಬಂದಾಗ ಅವರು ಬರ್ಲಿನ್‌ನಿಂದ ಹಡಗೇರಿ ಬಂದ ಹೊಸಬರಾಗಿರಲಿಲ್ಲ. ಹತ್ತು ವರ್ಷಕ್ಕೂ ಮೀರಿ ಆ ಸಾಮ್ರಾಜ್ಯದ ಮಣ್ಣು, ಗುತ್ತಿಗೆದಾರರು, ಕೂಲಿಗಳು, ಕಚೇರಿಗಳು ಎಲ್ಲವನ್ನೂ ಬಲ್ಲವರಾಗಿದ್ದರು, ತುರ್ಕಿ ಭಾಷೆಯಲ್ಲಿಯೇ ವ್ಯವಹರಿಸುತ್ತಿದ್ದರು.

ಇನ್ನೊಂದು ಕಡೆಯಿಂದಲೂ ಇದನ್ನು ನೋಡಬೇಕು. ಅದುವರೆಗೆ ಒಟ್ಟೋಮನ್ ಸರ್ಕಾರದ ರೈಲುಗಳು ಬಹುಪಾಲು ವಿದೇಶಿ ಕಂಪನಿಗಳಿಗೆ ಕೊಟ್ಟ ನಿರ್ಮಾಣ, ನಿರ್ವಹಣೆಯ ಹಕ್ಕುಗಳ ಮೇಲೆ ನಿಂತಿದ್ದವು. ಮಾರ್ಗದಿಂದ ಕಿಲೋಮೀಟರಿಗೆ ಇಷ್ಟು ಆದಾಯ ಬಾರದಿದ್ದರೆ ಖೋತಾವನ್ನು ಸರ್ಕಾರವೇ ತುಂಬಿಕೊಡಬೇಕು ಎಂಬ ಕರಾರು ಅನೇಕ ಒಪ್ಪಂದಗಳಲ್ಲಿತ್ತು. 1881ರಿಂದ ಸಾಮ್ರಾಜ್ಯದ ಪ್ರಮುಖ ಆದಾಯಗಳಲ್ಲಿ ಹಲವು ಯುರೋಪಿನ ಸಾಲಗಾರರ ಪ್ರತಿನಿಧಿಗಳು ನಡೆಸುವ ಸಾಲ ಆಡಳಿತದ ಕೈ ಸೇರಿದ್ದವು. ಇಂತಹ ಸ್ಥಿತಿಯಲ್ಲಿ ಸುಲ್ತಾನನ ಆಸ್ಥಾನ ಮಾಡಿದ ಆಯ್ಕೆಯನ್ನು ನಾನು ಜಾಣತನವೆಂದೇ ಕರೆಯುತ್ತೇನೆ. ಮಾರ್ಗವನ್ನು ವಿದೇಶಿ ಕಂಪನಿಗೆ ಒಪ್ಪಿಸಲಿಲ್ಲ, ವಿದೇಶಿ ಎಂಜಿನಿಯರನ್ನು ಸಂಬಳಕ್ಕೆ ತೆಗೆದುಕೊಂಡಿತು. ಮೈಸ್ನರ್ ಅವರ ಮೇಲೆ ಡಮಾಸ್ಕಸ್‌ನಲ್ಲಿ ಕಾಮಗಾರಿಯ ಮುಖ್ಯಸ್ಥನಾಗಿ ಕಾಜಿಮ್ ಪಾಶಾ ಎಂಬ ಸೇನಾಧಿಕಾರಿ, ಅವನ ಮೇಲೆ ಇಸ್ತಾಂಬುಲ್‌ನ ಸಮಿತಿ, ಎಲ್ಲದರ ಹಿಂದೆ ಸುಲ್ತಾನನ ಆಪ್ತ ಕಾರ್ಯದರ್ಶಿ ಇಜ್ಜತ್ ಪಾಶಾ ಇದ್ದರು. ಮೈಸ್ನರ್ ಈ ಸಾಲಿನಲ್ಲಿ ಒಬ್ಬ ನೌಕರ, ಆದರೆ ಅವರಿಲ್ಲದೆ ಕೆಲಸ ಸಾಗದು ಎಂಬುದನ್ನು ಎಲ್ಲರೂ ಬಲ್ಲ ನೌಕರ. ಆರಂಭದ ತಿಂಗಳುಗಳಲ್ಲಿ ರೈಲು ನಿರ್ಮಾಣದ ಅನುಭವವಿಲ್ಲದವರ ಕೈಯಲ್ಲಿ ಕೆಲಸ ಕುಂಟುತ್ತಿದ್ದುದೇ ಅವರ ನೇಮಕಕ್ಕೆ ಕಾರಣವಾಗಿತ್ತು. 1904ರಲ್ಲಿ ಹಳಿ ಇಂದಿನ ಜೋರ್ಡಾನಿನ ದಕ್ಷಿಣದಲ್ಲಿರುವ ಮಆನ್ ತಲುಪಿದಾಗ ಅವರಿಗೆ ಪಾಶಾ ಎಂಬ ಉನ್ನತ ಒಟ್ಟೋಮನ್ ಪದವಿ ಬಂತು.

ಬಾಗ್ದಾದ್ ಮಾರ್ಗದ ಹಿಂದೆ ಡಾಯ್ಚ ಬ್ಯಾಂಕ್ ಇತ್ತು. ಹೆಜಾಜ್ ಮಾರ್ಗದ ಹಿಂದೆ ಯಾವ ಜರ್ಮನ್ ಬಂಡವಾಳವೂ ಇರಲಿಲ್ಲ. ಎಂಜಿನ್‌ಗಳಲ್ಲಿ ಹೆಚ್ಚಿನವು ಜರ್ಮನಿಯಿಂದ ಬಂದದ್ದು ನಿಜ, ಆದರೆ ಹಳಿಗಳನ್ನು ಬೆಲ್ಜಿಯಂ, ಅಮೆರಿಕಗಳಿಂದಲೂ ತರಿಸಿಕೊಂಡರು. ತರಗತಿಯಲ್ಲಿ ಎರಡೂ ಮಾರ್ಗಗಳನ್ನು ಒಂದೇ ಉಸಿರಿನಲ್ಲಿ ಹೇಳುವುದನ್ನು ಬಿಟ್ಟರೆ ಅರ್ಧ ಗೊಂದಲ ತೀರುತ್ತದೆ.

ನಿವೃತ್ತ ರೈಲ್ವೆ ಎಂಜಿನಿಯರ್, ಹುಬ್ಬಳ್ಳಿ

ನಾನು ರೈಲ್ವೆಯ ನಿರ್ಮಾಣ ವಿಭಾಗದಲ್ಲಿ ದುಡಿದವನು. ಆದ್ದರಿಂದ ರಾಜಕೀಯವನ್ನು ಮೇಲಿನವರಿಗೆ ಬಿಟ್ಟು, ಆ ಮನುಷ್ಯನ ಮುಂದೆ ದಿನವೂ ಬಂದು ನಿಲ್ಲುತ್ತಿದ್ದ ಸಮಸ್ಯೆಗಳ ಬಗ್ಗೆ ಬರೆಯುತ್ತೇನೆ. ಅವುಗಳನ್ನು ತಿಳಿಯದೆ ಮೈಸ್ನರ್ ಏನು ಸಾಧಿಸಿದರು ಎಂಬುದು ಅರ್ಥವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲನೆಯದು ಸಾಮಗ್ರಿ ಬರುವ ದಾರಿ. ಬೈರೂತಿನಿಂದ ಡಮಾಸ್ಕಸ್‌ಗೆ, ಅಲ್ಲಿಂದ ದಕ್ಷಿಣ ಸಿರಿಯಾದ ಮುಜೈರಿಬ್‌ಗೆ ಒಂದು ಫ್ರೆಂಚ್ ಕಂಪನಿ 1895ರ ಹೊತ್ತಿಗೆ ರೈಲು ಓಡಿಸುತ್ತಿತ್ತು. ಅದರ ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ, 1,050 ಮಿಲಿಮೀಟರ್, ಅಂದರೆ ಹಿಂದೆ ನಮ್ಮ ಬೆಂಗಳೂರು–ಮೈಸೂರು ಮಾರ್ಗದಲ್ಲಿದ್ದ ಮೀಟರ್ ಗೇಜಿಗಿಂತ ಐದೇ ಸೆಂಟಿಮೀಟರ್ ಅಗಲ. ಹೊರಗಿನಿಂದ ಬರುವ ಎಂಜಿನ್, ವ್ಯಾಗನ್‌ಗಳು ಆ ಹಳಿಯ ಮೇಲೆಯೇ ಬರಬೇಕಾದ್ದರಿಂದ ಹೆಜಾಜ್ ಮಾರ್ಗಕ್ಕೂ ಅದೇ ಗೇಜು ಅನಿವಾರ್ಯವಾಯಿತು. ಡಮಾಸ್ಕಸ್–ಮುಜೈರಿಬ್ ಭಾಗವನ್ನು ಕೊಂಡುಬಿಡೋಣವೆಂದರೆ ಕಂಪನಿ ಹೇಳಿದ ಬೆಲೆ ಸರ್ಕಾರಕ್ಕೆ ಎಟುಕಲಿಲ್ಲ. ಕೊನೆಗೆ ಅದರ ಪಕ್ಕದಲ್ಲಿಯೇ ಇನ್ನೊಂದು ಹಳಿ ಹಾಸಿ 1903ರಲ್ಲಿ ಮುಜೈರಿಬ್ ಬಳಿಯ ದೆರಾಕ್ಕೆ ತಲುಪಿಸಿದರು. ಅಷ್ಟಾದರೂ ಬಂದರಿನಿಂದ ಡಮಾಸ್ಕಸ್‌ವರೆಗಿನ ಸಾಗಣೆ ದರ ಕಂಪನಿಯ ಕೈಯಲ್ಲೇ ಇತ್ತು. ಹಳಿ ಮುಂದಕ್ಕೆ ಹೋದಂತೆಲ್ಲ ಪ್ರತಿಯೊಂದು ಸ್ಲೀಪರಿನ ಮೇಲೂ ಆ ಭಾರ ಏರುತ್ತಿತ್ತು.

ಇದಕ್ಕೆ ಪರಿಹಾರವಾಗಿ ಬಂದದ್ದು ಹೈಫಾ ಶಾಖೆ. ಒಂದು ಬ್ರಿಟಿಷ್ ಕಂಪನಿ ಆರಂಭಿಸಿ ಅರ್ಧಕ್ಕೇ ಕೈಬಿಟ್ಟಿದ್ದ ಕೆಲಸವನ್ನು ಸರ್ಕಾರ ಕೊಂಡುಕೊಂಡಿತು. ಹೈಫಾ ಬಂದರಿನಿಂದ ದೆರಾಕ್ಕೆ 161 ಕಿಲೋಮೀಟರ್ ಮಾರ್ಗ 1905ರಲ್ಲಿ ಮುಗಿಯಿತು. ನನ್ನ ಮಟ್ಟಿಗೆ ಇಡೀ ಯೋಜನೆಯ ಅತ್ಯಂತ ಕಠಿಣ ಎಂಜಿನಿಯರಿಂಗ್ ಇರುವುದು ಮರುಭೂಮಿಯಲ್ಲಲ್ಲ, ಇಲ್ಲಿ. ಈ ಮಾರ್ಗ ಜೋರ್ಡಾನ್ ಕಣಿವೆಯನ್ನು ಸಮುದ್ರಮಟ್ಟಕ್ಕಿಂತ ಸುಮಾರು 246 ಮೀಟರ್ ಕೆಳಗೆ ದಾಟುತ್ತದೆ. ಜಗತ್ತಿನ ಯಾವ ರೈಲೂ ಅಷ್ಟು ತಗ್ಗಿನ ನೆಲದ ಮೇಲೆ ಓಡಿರಲಿಲ್ಲ. ಅಲ್ಲಿಂದ ಯರ್ಮೂಕ್ ನದಿಯ ಇಕ್ಕಟ್ಟಾದ ಕಮರಿಯನ್ನು ಹಿಡಿದು, ನದಿಯನ್ನು ಮತ್ತೆ ಮತ್ತೆ ದಾಟಿ, ಸುರಂಗಗಳನ್ನು ಹೊಕ್ಕು, ದೆರಾದ 529 ಮೀಟರ್ ಎತ್ತರಕ್ಕೆ ಏರಬೇಕು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಐವತ್ತಕ್ಕೊಂದು ಏರಿನಲ್ಲಿ ರೈಲು ಹತ್ತುವುದನ್ನು ಕಂಡವರಿಗೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ ಇರುವಲ್ಲಿ ಹಳಿಗೆ ನೆಲೆ ಹುಡುಕುವುದು ಎಂತಹ ಕೆಲಸವೆಂದು ವಿವರಿಸಬೇಕಿಲ್ಲ. ಮಆನ್ ತಲುಪಿದ ಮೇಲೆ ದಕ್ಷಿಣದ ಕೆಲಸ ನಿಧಾನವಾದಂತೆ ಕಾಣುವುದಕ್ಕೆ ಈ ಶಾಖೆಯೂ ಒಂದು ಕಾರಣ. ಆದರೆ ಅದು ಮುಗಿದೊಡನೆ ಹಡಗಿನಿಂದ ಇಳಿದ ಹಳಿ ನೇರವಾಗಿ ಕಾಮಗಾರಿಯ ತುದಿಗೆ ಹೋಗುವಂತಾಯಿತು.

ಎರಡನೆಯದು ನೀರು. ಹಬೆ ಎಂಜಿನ್ನಿಗೆ ನೀರಿಲ್ಲದೆ ನಡೆಯದು, ಕೂಲಿಗೂ ನಡೆಯದು, ಗಾರೆಗೂ ನಡೆಯದು. ಮಾರ್ಗ ಬಹುಮಟ್ಟಿಗೆ ಹಳೆಯ ಹಜ್ ಕಾರವಾನ್ ದಾರಿಯನ್ನೇ ಅನುಸರಿಸಿದ್ದಕ್ಕೆ ಭಕ್ತಿಯಷ್ಟೇ ನೀರೂ ಕಾರಣ: ಬಾವಿಗಳೂ ನೀರುತೊಟ್ಟಿಗಳೂ ಅವುಗಳನ್ನು ಕಾಯುವ ಕೋಟೆಗಳೂ ಇದ್ದದ್ದು ಆ ದಾರಿಯಲ್ಲಿ. ಅವು ಸಾಲದಿದ್ದಲ್ಲಿ ಹೊಸ ಬಾವಿ ತೋಡಿದರು, ಕೆಲವೆಡೆ ಗಾಳಿಯಂತ್ರದಿಂದ ನೀರೆತ್ತಿದರು, ಉಳಿದೆಡೆಗೆ ಟ್ಯಾಂಕ್ ವ್ಯಾಗನ್‌ಗಳಲ್ಲಿ ಹೊತ್ತೊಯ್ದರು. ಹಳಿಯ ತುದಿಯಲ್ಲಿ ದುಡಿಯುವ ಸಾವಿರಾರು ಜನರ ನೀರನ್ನು ರೈಲೇ ಹೊತ್ತು ತರಬೇಕಾದಾಗ, ಆ ರೈಲು ಹಳಿಯನ್ನೂ ಸ್ಲೀಪರನ್ನೂ ಅಷ್ಟರಮಟ್ಟಿಗೆ ಕಡಿಮೆ ತರುತ್ತದೆ. ಈ ಲೆಕ್ಕವನ್ನು ದಿನವೂ ಸರಿದೂಗಿಸುವುದೇ ಮುಖ್ಯ ಎಂಜಿನಿಯರನ ನಿಜವಾದ ಕೆಲಸ. ನೀರಿಲ್ಲದ ಆ ನೆಲದಲ್ಲಿ ಮಳೆ ಬಂದಾಗ ಬರುವುದು ಪ್ರವಾಹವಾಗಿಯೇ. ಒಣಗಿದ ಹಳ್ಳ ಒಂದೇ ರಾತ್ರಿಯಲ್ಲಿ ತುಂಬಿ ಏರಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕಾಗಿಯೇ ಮಾರ್ಗದುದ್ದಕ್ಕೂ 2,000ಕ್ಕೂ ಹೆಚ್ಚು ಸೇತುವೆ, ಮೋರಿಗಳನ್ನು ಕಟ್ಟಿದರು.

ಅವುಗಳಲ್ಲಿ ಬೆರಳೆಣಿಕೆಯಷ್ಟನ್ನು ಬಿಟ್ಟರೆ ಉಳಿದವೆಲ್ಲ ಕಲ್ಲಿನವು ಎಂಬುದನ್ನು ದಯವಿಟ್ಟು ಗಮನಿಸಿ. ಕಬ್ಬಿಣದ ತೊಲೆ ತರಿಸಿದ್ದರೆ ಪ್ರತಿಯೊಂದಕ್ಕೂ ವಿದೇಶಕ್ಕೆ ಹಣ ಕಳಿಸಬೇಕು, ಹಡಗಿಗೆ ಕಾಯಬೇಕು. ಕಲ್ಲು ಅಲ್ಲೇ ಇತ್ತು, ಸಿರಿಯಾದಲ್ಲಿ ಕಲ್ಲು ಕೆತ್ತಬಲ್ಲವರಿದ್ದರು, ಇಟಲಿ, ಗ್ರೀಸ್ ಕಡೆಯ ಕುಶಲ ಕೆಲಸಗಾರರೂ ಬಂದಿದ್ದರು. ಕಮಾನಿನ ಸೇತುವೆಯ ಕೆಲಸ ಕಂಡವರಿಗೆ ಗೊತ್ತಿರುತ್ತದೆ: ಮೊದಲು ಎರಡು ಬದಿಯ ಕಂಬಗೋಡೆಗಳು ಏಳಬೇಕು, ಆಮೇಲೆ ಮರದ ಅಚ್ಚು ಕೂರಿಸಿ, ಅದರ ಮೇಲೆ ಎರಡೂ ಕಡೆಯಿಂದ ಸಮನಾಗಿ ಕಲ್ಲು ಜೋಡಿಸುತ್ತ ಬಂದು, ನಡುವಿನ ಕೀಲುಗಲ್ಲನ್ನು ಬಿಗಿದು, ಗಾರೆ ಗಟ್ಟಿಯಾದ ಬಳಿಕವೇ ಅಚ್ಚನ್ನು ಇಳಿಸಬೇಕು. ಮರವೇ ಬೆಳೆಯದ ನಾಡಿನಲ್ಲಿ ಆ ಅಚ್ಚನ್ನು ಒಂದು ಮೋರಿಯಿಂದ ಬಿಚ್ಚಿ ಮುಂದಿನ ಮೋರಿಗೆ ಒಯ್ಯಬೇಕಾದರೆ ಮೋರಿಗಳ ಅಳತೆಗಳು ಒಂದಕ್ಕೊಂದು ಹೊಂದಿರಬೇಕು. ಸ್ಲೀಪರ್‌ಗಳನ್ನೂ ಬಹುಪಾಲು ಉಕ್ಕಿನವೇ ಬಳಸಿದರು. ಅಮ್ಮಾನ್ ಬಳಿಯ ಹತ್ತು ಕಮಾನಿನ ಸೇತುವೆ ಇಂದಿಗೂ ನಿಂತಿದೆ. ಯುದ್ಧದಲ್ಲಿ ಒಡೆದವನ್ನು ಬಿಟ್ಟರೆ ಮಾರ್ಗದ ಕಲ್ಲುಕೆಲಸ ಬಹಳಷ್ಟು ಕಡೆ ಇನ್ನೂ ಗಟ್ಟಿಯಾಗಿದೆ.

ಇನ್ನು ಕೈಗಳು. ಕೂಲಿಗಳಲ್ಲಿ ಬಹುಸಂಖ್ಯಾತರು ಒಟ್ಟೋಮನ್ ಸೈನಿಕರು. ಅವರಿಗೆ ಸೈನಿಕ ವೇತನದ ಮೇಲೆ ಸ್ವಲ್ಪ ಹೆಚ್ಚಿನ ಹಣ, ಸೇವಾವಧಿಯಲ್ಲಿ ರಿಯಾಯಿತಿ ಸಿಗುತ್ತಿತ್ತು. ತರಕಾರಿ ಕಾಣದ ಊಟದಿಂದ ಸ್ಕರ್ವಿ, ಕೆಟ್ಟ ನೀರಿನಿಂದ ಕಾಲರಾ, ಹಗಲು ಸುಡುವ ಬಿಸಿಲು, ರಾತ್ರಿ ಡೇರೆಯಲ್ಲಿ ಕೊರೆಯುವ ಚಳಿ. ಈ ಮಾರ್ಗವನ್ನು ಕುರಿತು ಬರೆಯುವವರು ಸುಲ್ತಾನನನ್ನೂ ಪಾಶಾರನ್ನೂ ನೆನೆಯುತ್ತಾರೆ, ಈ ಸೈನಿಕರನ್ನು ನೆನೆಯುವುದು ಕಡಿಮೆ. ಅಧ್ಯಾಪಕಿಯವರು ತರಗತಿಯಲ್ಲಿ ಅವರ ಬಗ್ಗೆ ಎರಡು ಮಾತು ಹೇಳಿದರೆ ನನಗೆ ಸಂತೋಷವಾಗುತ್ತದೆ.

ಬೀದರ್ ಮೂಲದವನು, ಈಗ ಮದೀನಾದಲ್ಲಿ ಉದ್ಯೋಗ

ಅಸ್ಸಲಾಮು ಅಲೈಕುಮ್, ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಹಿರಿಯರು ಬರೆದದ್ದನ್ನು ಓದಿದ ಮೇಲೆ ನಾನೂ ಬರೆಯದೆ ಇರಲಾಗಲಿಲ್ಲ.

ಮದೀನಾದ ಹಳೆಯ ನಿಲ್ದಾಣ ನಾನು ಆಗಾಗ ಹಾದುಹೋಗುವ ದಾರಿಯಲ್ಲಿದೆ. ಕಪ್ಪು ಅಗ್ನಿಶಿಲೆಯ ಕಟ್ಟಡ, ಕಮಾನು ಕಮಾನಾಗಿ ನಿಂತ ಮುಂಭಾಗ, ಹತ್ತಿರದಲ್ಲೇ ಅದೇ ಕಾಲದ ಅಂಬರಿಯಾ ಮಸೀದಿ. ಈಗ ಅದು ವಸ್ತುಸಂಗ್ರಹಾಲಯ. ಉತ್ತರಕ್ಕೆ ಅಲ್-ಉಲಾ ಕಡೆಗೆ ಹೋದರೆ ಮದಾಯಿನ್ ಸಾಲಿಹ್‌ನಲ್ಲಿ, ಪ್ರಾಚೀನ ಅರಬ್ ಜನಾಂಗವಾದ ನಬಾತಿಯರು ಬಂಡೆಯಲ್ಲಿ ಕೊರೆದ ಗೋರಿಗಳ ನಡುವೆ, ರೈಲು ನಿಲ್ದಾಣವೂ ಎಂಜಿನ್ ಶೆಡ್ಡೂ ಇವೆ. ಒಂದೊಂದು ನಿಲ್ದಾಣವೂ ಸಣ್ಣ ಕೋಟೆಯಂತಿದೆ: ದಪ್ಪ ಗೋಡೆ, ಹೊರಗಡೆಗೆ ಕಿರಿದಾದ ಬಂದೂಕುಗಂಡಿಗಳು, ಮೇಲೆ ಚಾವಣಿಗೆ ಹತ್ತಲು ಮೆಟ್ಟಿಲು. ರೈಲು ಬಂದರೆ ಒಂಟೆ ಬಾಡಿಗೆಯೂ ಕಾರವಾನ್‌ಗಳಿಂದ ಬರುತ್ತಿದ್ದ ಹಣವೂ ನಿಲ್ಲುತ್ತದೆಂಬ ಆತಂಕದಿಂದ ಬದೂಯಿನ್ ಬುಡಕಟ್ಟುಗಳು ವಿರೋಧಿಸಿದ್ದರ ಗುರುತುಗಳು ಆ ಗಂಡಿಗಳು. 1908ರಲ್ಲಿ ಮದೀನಾದ ಸಮೀಪ ಕೆಲಸ ನಡೆಯುವಾಗಲೇ ದಾಳಿಗಳಾದವು. ಮಕ್ಕಾದವರೆಗೆ ಮಾರ್ಗವನ್ನು ಒಯ್ಯುವ ಮಾತು ಮಾತಾಗಿಯೇ ಉಳಿಯಿತು.

ದೇಣಿಗೆಯ ವಿಷಯದಲ್ಲಿ ನಮ್ಮ ಕಡೆಗೊಂದು ನಿಜವಾದ ಸಂಬಂಧವಿದೆ. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಭಾರತದಲ್ಲಿ ಈ ಮಾರ್ಗಕ್ಕಾಗಿ ಹಣ ಸಂಗ್ರಹಿಸಿದ ಮುಖ್ಯ ಕೇಂದ್ರಗಳಲ್ಲಿ ಹೈದರಾಬಾದ್ ಒಂದು. ಒಟ್ಟೋಮನ್ ನಾಡಿನೊಳಗೆ ನೌಕರರ ಸಂಬಳದಲ್ಲಿ ಕಡಿತ ಮಾಡಿದರು, ಅಂಚೆ ಹಾಗೂ ಸ್ಟಾಂಪಿನ ಮೇಲೆ ಹೆಚ್ಚುವರಿ ಶುಲ್ಕ ಹಾಕಿದರು, ಬಕ್ರೀದಿನ ಕುರ್ಬಾನಿಯ ಚರ್ಮಗಳನ್ನು ಮಾರಿ ಬಂದ ಹಣವನ್ನೂ ನಿಧಿಗೆ ಸೇರಿಸಿದರು. ಹೆಚ್ಚು ಕೊಟ್ಟವರಿಗೆ ಪದಕಗಳಿದ್ದವು. ಇಲ್ಲಿ ಒಂದು ಮಾತು ನನ್ನ ಮನಸ್ಸಿಗೆ ಬಹಳ ನಾಟುತ್ತದೆ. ಭಾರತದ ಯಾತ್ರಿಕರು ಬೊಂಬಾಯಿಯಿಂದ ಹಡಗಿನಲ್ಲಿ ಜಿದ್ದಾಕ್ಕೆ ಬಂದು ಮಕ್ಕಾ ಸೇರುತ್ತಿದ್ದರು; ಡಮಾಸ್ಕಸ್‌ನ ರೈಲು ಅವರ ದಾರಿಯಲ್ಲಿ ಇರಲೇ ಇಲ್ಲ. ತಾವು ಎಂದೂ ಹತ್ತದ ಗಾಡಿಗೆ, ಸಿರಿಯಾ, ಅನಾತೋಲಿಯಾದ ಯಾತ್ರಿಕರ ಸುಮಾರು 40 ದಿನಗಳ ಒಂಟೆ ಪಯಣ ಮೂರೇ ದಿನಕ್ಕೆ ಇಳಿಯಲೆಂದು, ಅವರು ದುಡ್ಡು ಕೊಟ್ಟರು.

ಇತಿಹಾಸ ಅಧ್ಯಾಪಕಿ, ಕಲಬುರಗಿ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಸೈನಿಕರ ವಿಷಯವನ್ನೂ ಹೈದರಾಬಾದಿನ ದೇಣಿಗೆಯನ್ನೂ ಖಂಡಿತ ಪಾಠಕ್ಕೆ ಸೇರಿಸುತ್ತೇನೆ. ಸ್ವಂತ ಜಿಲ್ಲೆಯ ಹೆಸರು ಬಂದರೆ ವಿದ್ಯಾರ್ಥಿಗಳ ಕಿವಿ ನಿಮಿರುತ್ತದೆ. ಆದರೆ ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಕೊನೆಯ ಭಾಗದಲ್ಲಿ ಮೈಸ್ನರ್ ಅವರ ಪಾತ್ರ ಎಷ್ಟು? ಅವರು ಒಟ್ಟೋಮನ್ ಎಂಜಿನಿಯರುಗಳನ್ನು ಮನಸ್ಸಿಟ್ಟು ತಯಾರು ಮಾಡಿದರೆ, ಇಲ್ಲವೇ ನಿಷೇಧ ಇದ್ದುದರಿಂದ ಬೇರೆ ದಾರಿಯಿಲ್ಲದೆ ಅವರಿಗೆ ಬಿಟ್ಟುಕೊಟ್ಟರೆ? ಯುದ್ಧಕಾಲದಲ್ಲಿ ಅವರು ಏನು ಮಾಡಿದರು ಎಂಬುದನ್ನೂ ತಿಳಿಸಿ.

ನಿವೃತ್ತ ರೈಲ್ವೆ ಎಂಜಿನಿಯರ್, ಹುಬ್ಬಳ್ಳಿ

ಅಂಕಿಗಳೇ ಇದಕ್ಕೆ ಉತ್ತರ ಹೇಳುತ್ತವೆ. ಡಮಾಸ್ಕಸ್‌ನಿಂದ ಮಆನ್ ಸುಮಾರು 459 ಕಿಲೋಮೀಟರ್. ಅಲ್ಲಿಗೆ ತಲುಪಲು ನಾಲ್ಕು ವರ್ಷ, 1900ರಿಂದ 1904ರವರೆಗೆ. ಸುಮಾರು 692ನೆಯ ಕಿಲೋಮೀಟರಿನಲ್ಲಿರುವ ತಬೂಕ್‌ಗೆ 1906ರಲ್ಲಿ ತಲುಪಿದರು. ಹೈಫಾ ಶಾಖೆ ಮುಗಿದದ್ದೂ ಈ ನಡುವೆಯೇ. ಮದಾಯಿನ್ ಸಾಲಿಹ್ ಸುಮಾರು 955ನೆಯ ಕಿಲೋಮೀಟರು, 1907. ಮದೀನಾ 1,302, 1908. ಪ್ರತಿ ವರ್ಷ ಸುಲ್ತಾನನ ಪಟ್ಟಾಭಿಷೇಕದ ವಾರ್ಷಿಕೋತ್ಸವಕ್ಕೆ, ಅಂದರೆ ಸೆಪ್ಟೆಂಬರ್ ಆರಂಭಕ್ಕೆ, ಒಂದೊಂದು ಭಾಗದ ಉದ್ಘಾಟನೆ ನಡೆಯುತ್ತಿತ್ತು. ಒಂದೇ ವರ್ಷದಲ್ಲಿ ಸುಮಾರು 350 ಕಿಲೋಮೀಟರ್ ಹಳಿ ಬಿದ್ದದ್ದು ಕಟ್ಟಕಡೆಯ ಭಾಗದಲ್ಲಿ, ಅದೂ ಅಲ್-ಉಲಾದಿಂದ ಆಚೆಗೆ ಮುಖ್ಯ ಎಂಜಿನಿಯರ್ ಹೋಗಲಾಗದ ನೆಲದಲ್ಲಿ. ಅಲ್ಲಿ ಕೆಲಸ ನಡೆಸಿದವರು ಮುಖ್ತಾರ್ ಬೇ ಮತ್ತು ಅವರ ಜೊತೆಗಿದ್ದ ಮುಸ್ಲಿಂ ಎಂಜಿನಿಯರುಗಳು.

ನಿರ್ಮಾಣದಲ್ಲಿ ಅನುಭವವಿರುವ ಯಾರಿಗಾದರೂ ಇದರ ಅರ್ಥ ಹೊಳೆಯುತ್ತದೆ. ಮುಂದೆ ಮೋಜಣಿ ತಂಡ, ಅದರ ಹಿಂದೆ ಏರಿ ಹಾಕುವವರು, ಮಗ್ಗುಲಲ್ಲಿ ಮೋರಿ ಕಟ್ಟುವವರು, ಕೊನೆಗೆ ಹಳಿ ಹಾಸುವವರು; ಇವರ ನಡುವಿನ ಅಂತರ ಸರಿಯಾಗಿ ಉಳಿದರೆ ಮಾತ್ರ ಕೆಲಸ ಓಡುತ್ತದೆ. ಏರಿಯವರು ಹಿಂದೆ ಬಿದ್ದರೆ ಹಳಿಯ ಗಾಡಿ ತುದಿಯಲ್ಲಿ ಸುಮ್ಮನೆ ನಿಲ್ಲುತ್ತದೆ. ತೀರ ಮುಂದೆ ಹೋದರೆ ಅವರಿಗೆ ನೀರು, ಹಿಟ್ಟು ತಲುಪುವುದಿಲ್ಲ. ಮುಖ್ಯಸ್ಥ ಕಣ್ಣೆದುರಿಗಿಲ್ಲದೆಯೂ ಈ ಸರಣಿ ಹಿಂದೆಂದಿಗಿಂತ ವೇಗವಾಗಿ ಓಡಿತೆಂದರೆ, ಏಳು ವರ್ಷಗಳಲ್ಲಿ ಆ ತಂಡಕ್ಕೆ ಕೆಲಸ ಕರಗತವಾಗಿತ್ತು ಎಂದೇ ಅರ್ಥ. ಮೈಸ್ನರ್ ಅವರ ಅತಿ ದೊಡ್ಡ ನಿರ್ಮಾಣ ಯರ್ಮೂಕ್ ಕಣಿವೆಯ ಸುರಂಗಗಳಲ್ಲ, ತಾವಿಲ್ಲದೆಯೂ ಕೆಲಸ ಮುಗಿಸಬಲ್ಲ ಈ ಎಂಜಿನಿಯರುಗಳ ಪಡೆ. ನಾನು ಇದನ್ನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ರೈಲು ಚರಿತ್ರೆಯ ಆಸಕ್ತ, ಮೈಸೂರು

ಹಿರಿಯರ ಮಾತಿಗೆ ಒಂದು ತಿದ್ದುಪಡಿ ಸೇರಿಸಲು ಅಪ್ಪಣೆ ಬೇಡುತ್ತೇನೆ. ಶ್ರೇಯಸ್ಸನ್ನೆಲ್ಲ ಮೈಸ್ನರ್ ಅವರಿಗೇ ಕೊಟ್ಟರೆ ಮುಖ್ತಾರ್ ಬೇ ಅವರಂಥವರಿಗೆ ಅನ್ಯಾಯವಾಗುತ್ತದೆ. ಅವರು ಮೈಸ್ನರ್ ಕೈಯಲ್ಲಿ ಮೊದಲಿನಿಂದ ಕಲಿತ ಹುಡುಗರಲ್ಲ. ಮಾರ್ಗದ ಆರಂಭಿಕ ಮೋಜಣಿ ಮಾಡಿದವರಲ್ಲಿಯೇ ಮುಖ್ತಾರ್ ಬೇ ಇದ್ದರು. ಇಸ್ತಾಂಬುಲ್‌ನಲ್ಲಿ 1883ರಿಂದಲೇ ಸಿವಿಲ್ ಎಂಜಿನಿಯರಿಂಗ್ ಶಾಲೆಯಿತ್ತು. ಅಲ್ಲಿಂದ ಹೊರಬಂದವರಿಗೆ ಓದಿತ್ತು, ಅವಕಾಶವಿರಲಿಲ್ಲ, ಏಕೆಂದರೆ ವಿದೇಶಿ ಕಂಪನಿಗಳು ತಮ್ಮವರನ್ನೇ ಕರೆತರುತ್ತಿದ್ದವು. ಹೆಜಾಜ್ ಮಾರ್ಗ ಅವರಿಗೆ ಸಿಕ್ಕ ಮೊದಲ ದೊಡ್ಡ ಕಾಮಗಾರಿ. ವಿದೇಶಿಯರ ಸಂಖ್ಯೆಯನ್ನು ಕಡಿಮೆ ಮಾಡುತ್ತ ಬರಬೇಕೆಂಬುದು ಸರ್ಕಾರದ್ದೇ ನೀತಿಯಾಗಿತ್ತು. ವೆಚ್ಚದ ದೃಷ್ಟಿಯಿಂದಲೂ ಅದು ಲಾಭದಾಯಕ. ಹೀಗಾಗಿ ಅಧ್ಯಾಪಕಿಯವರು ಕೇಳಿದ ಎರಡು ಆಯ್ಕೆಗಳಲ್ಲಿ ಒಂದನ್ನೇ ಹಿಡಿಯುವ ಅಗತ್ಯವಿಲ್ಲ. ನಿಷೇಧ ಅನಿವಾರ್ಯತೆಯನ್ನು ತಂದಿತು, ನೀತಿ ಜಾಗ ಮಾಡಿಕೊಟ್ಟಿತು. ಮೈಸ್ನರ್ ಮಾಡಿದ್ದು, ಆ ಜಾಗದಲ್ಲಿ ತಾವು ಅಡ್ಡ ನಿಲ್ಲದೆ, ಕೆಲಸ ಕಲಿಸಿದ್ದು. ಅಂದಿನ ಯುರೋಪಿಯನ್ ಅಧಿಕಾರಿಗಳಲ್ಲಿ ಅದು ಎಲ್ಲರಿಗೂ ಇದ್ದ ಗುಣವಲ್ಲ. ಹಾಗಾಗಿ ಅದನ್ನು ಗೌರವದಿಂದಲೇ ಗುರುತಿಸಬೇಕು.

ಮುಂದಿನದು: 1908ರಲ್ಲಿ ಸುಲ್ತಾನನ ನಿರಂಕುಶ ಆಡಳಿತದ ವಿರುದ್ಧ ಯುವತುರ್ಕರ ಕ್ರಾಂತಿಯಾಯಿತು, 1909ರಲ್ಲಿ ಅಬ್ದುಲ್ ಹಮೀದ್ ಪದಚ್ಯುತನಾದ. ಮೈಸ್ನರ್ ಬಾಗ್ದಾದ್ ರೈಲುಮಾರ್ಗಕ್ಕೆ ಹೋಗಿ, ಬಾಗ್ದಾದ್‌ನಿಂದ ಉತ್ತರಕ್ಕೆ ಸಾಗುವ ಭಾಗವನ್ನು ನೋಡಿಕೊಂಡರು. ಇದು ಅಗಲವಾದ 1,435 ಮಿಲಿಮೀಟರ್ ಗೇಜು. ಸಾಮಗ್ರಿ ಬಸ್ರಾದಲ್ಲಿ ಹಡಗಿನಿಂದಿಳಿದು ಟೈಗ್ರಿಸ್ ನದಿಯಲ್ಲಿ ದೋಣಿಯೇರಿ ಬರಬೇಕಿತ್ತು. 1912ರಲ್ಲಿ ಆರಂಭವಾದ ಆ ಕೆಲಸ 1914ರಲ್ಲಿ ಸಮಾರ್ರಾ ತಲುಪುವಷ್ಟರಲ್ಲಿ ಯುದ್ಧ ಬಂತು.

ಯುದ್ಧದಲ್ಲಿ ಅವರ ಕೆಲಸದ ಮೇಲೆ ನೆರಳು ಬೀಳುತ್ತದೆ, ಇದನ್ನು ಮುಚ್ಚಿಡುವುದು ಸರಿಯಲ್ಲ. ಸೂಯೆಜ್ ಕಾಲುವೆಯ ಮೇಲೆ ದಾಳಿಗೆ ಸೈನ್ಯ ಸಾಗಿಸಲು ಸಿರಿಯಾದ ಒಟ್ಟೋಮನ್ ಸೇನಾಧಿಪತಿ ಜೆಮಾಲ್ ಪಾಶಾನ ಆಡಳಿತದಲ್ಲಿ ಪ್ಯಾಲೆಸ್ಟೈನ್ ಮೂಲಕ ದಕ್ಷಿಣಕ್ಕೆ ಮಿಲಿಟರಿ ರೈಲು ಕಟ್ಟುವ ಹೊಣೆ ಮೈಸ್ನರ್ ಅವರದಾಯಿತು. 1915ರ ಅಕ್ಟೋಬರಿನಲ್ಲಿ ಹಳಿ ಬೀರ್‌ಶೇಬಾ ತಲುಪಿತು, ಮರುವರ್ಷ ಸಿನಾಯಿ ಗಡಿಯ ಔಜಾವರೆಗೆ ಹೋಯಿತು. ಹೊರಗಿನಿಂದ ಏನೂ ಬಾರದ ಕಾಲ ಅದು. ಹಳೆಯ ಜಾಫಾ–ಜೆರುಸಲೇಂ ಮಾರ್ಗದಲ್ಲಿ ಜಾಫಾದಿಂದ ಲಿದ್ದಾವರೆಗಿನ ಹಳಿಗಳನ್ನು ಕಿತ್ತು ಬೇರೆಡೆ ಬಳಸಿದರು. ಕಲ್ಲಿದ್ದಲು ಇಲ್ಲದ್ದರಿಂದ ಎಂಜಿನ್ನಿಗೆ ಸೌದೆಯೇ ಗತಿಯಾಗಿ, ಕಾಡುಮರಗಳ ಜೊತೆಗೆ ಆಲಿವ್ ತೋಟಗಳೂ ಕೊಡಲಿಗೆ ಬಲಿಯಾದವು. ತಲೆಮಾರುಗಳಿಂದ ಬಂದ ಆಲಿವ್ ಮರವನ್ನು ಕಳೆದುಕೊಂಡ ರೈತನಿಗೆ ಆ ರೈಲು ಏನಾಗಿ ಕಂಡಿರಬೇಕು ಎಂಬುದನ್ನೂ ನಾವು ಯೋಚಿಸಬೇಕು. ಇತ್ತ ಹೆಜಾಜ್ ಮಾರ್ಗದ ಮೇಲೆ 1917ರಿಂದ ಅರಬ್ ಬಂಡಾಯಗಾರರೂ ಅವರ ಜೊತೆಗಿದ್ದ ಟಿ. ಇ. ಲಾರೆನ್ಸ್ ಮೊದಲಾದ ಬ್ರಿಟಿಷ್ ಅಧಿಕಾರಿಗಳೂ ಸಿಡಿಮದ್ದಿಟ್ಟು ಹಳಿ, ಸೇತುವೆಗಳನ್ನು ಒಡೆಯುತ್ತ ಬಂದರು. ಆದರೂ ದುರಸ್ತಿ ತಂಡಗಳು ಬಹುಕಾಲ ಗಾಡಿ ಓಡಿಸಿದವು. ಸಂಪರ್ಕ ಕಡಿದ ಮೇಲೂ ಮದೀನಾದಲ್ಲಿದ್ದ ಒಟ್ಟೋಮನ್ ಸೇನಾನಿ ಫಖ್ರಿ ಪಾಶಾನ ಪಡೆ 1919ರ ಜನವರಿಯವರೆಗೆ ಶರಣಾಗಲಿಲ್ಲ.

ಇನ್ನು ಕೈಸರನ ಕೈಯಾಳು ಎಂಬ ಮಾತು. ಯುದ್ಧಕಾಲದ ಮೈಸ್ನರ್ ತಮ್ಮ ದೇಶದ ಮಿತ್ರಪಕ್ಷಕ್ಕಾಗಿ ದುಡಿದರು, ಅದನ್ನು ಅಲ್ಲಗಳೆಯಲಾಗದು. ಆದರೆ ಕೈಸರ್ ಪದಚ್ಯುತನಾಗಿ, ಒಟ್ಟೋಮನ್ ಸಾಮ್ರಾಜ್ಯ ಅಳಿದು, ಜರ್ಮನಿಯ ಪೂರ್ವದೇಶದ ಆಸೆಗಳೆಲ್ಲ ಮಣ್ಣುಗೂಡಿದ ಮೇಲೆ 1924ರಲ್ಲಿ ಹೊಸ ತುರ್ಕಿ ಗಣರಾಜ್ಯ ಅವರನ್ನು ಮರಳಿ ಕರೆಸಿಕೊಂಡಿತು. ವಿದೇಶಿ ಪ್ರಭಾವದ ಬಗ್ಗೆ ಅತ್ಯಂತ ಎಚ್ಚರದಿಂದಿದ್ದ ಸರ್ಕಾರ ಅದು. ಅರವತ್ತು ದಾಟಿದ್ದ ಮೈಸ್ನರ್ ಸಲಹೆಗಾರರಾಗಿ ಬಂದರು, ಇಸ್ತಾಂಬುಲ್‌ನ ಎಂಜಿನಿಯರಿಂಗ್ ಶಾಲೆಯಲ್ಲಿ ರೈಲು ನಿರ್ಮಾಣವನ್ನು ಕಲಿಸಿದರು. ಇಂದಿನ ಇಸ್ತಾಂಬುಲ್ ತಾಂತ್ರಿಕ ವಿಶ್ವವಿದ್ಯಾಲಯ ಬೆಳೆದದ್ದು ಆ ಶಾಲೆಯಿಂದಲೇ. ಕೈಸರನ ಆಜ್ಞೆಯಿಂದ ಬಂದವನು ಕೈಸರ್ ಹೋದ ಮೇಲೆ ಮರಳಿ ಬರುವ ಕಾರಣವಿರಲಿಲ್ಲ. ಬರೀ ಜರ್ಮನಿಯ ಮನುಷ್ಯನೆಂದು ಕಂಡಿದ್ದರೆ ಅಂಕಾರಾ ಕರೆಯುತ್ತಲೂ ಇರಲಿಲ್ಲ. ಅವರು 1940ರ ಜನವರಿಯಲ್ಲಿ ತೀರಿಕೊಂಡದ್ದೂ ಇಸ್ತಾಂಬುಲ್‌ನಲ್ಲಿಯೇ.

ಬೀದರ್ ಮೂಲದವನು, ಈಗ ಮದೀನಾದಲ್ಲಿ ಉದ್ಯೋಗ

ಮೇಡಂ, ತರಗತಿಗೆ ಉಪಯೋಗವಾಗುವ ಒಂದು ಸಲಹೆ. ಉಪಗ್ರಹ ನಕ್ಷೆಯಲ್ಲಿ ಅಲ್-ಉಲಾದಿಂದ ಮದೀನಾದ ಕಡೆಗೆ ನಿಧಾನವಾಗಿ ಸರಿಸುತ್ತ ಬಂದರೆ ಹಳಿ ಕಿತ್ತುಹೋದ ಏರಿಯ ಗೆರೆ ಹಲವು ಕಡೆ ಸ್ಪಷ್ಟವಾಗಿ ಕಾಣುತ್ತದೆ. ಒಣಹಳ್ಳ ಅಡ್ಡಬಂದಲ್ಲಿ ಮೋರಿಗಳೂ, ಒಂದಷ್ಟು ದೂರಕ್ಕೊಂದರಂತೆ ನಿಲ್ದಾಣದ ಚೌಕಗಳೂ ಸಿಗುತ್ತವೆ. ಅದೇ ರೀತಿ ಉತ್ತರದಲ್ಲಿ ಮಆನ್ ದಾಟಿದ ಮೇಲೆ ಎತ್ತರದ ಪ್ರಸ್ಥಭೂಮಿ ಥಟ್ಟನೆ ಮುಗಿದು ಮಾರ್ಗ ಸುತ್ತಿ ಸುತ್ತಿ ಮರಳುಗಾಡಿಗೆ ಇಳಿಯುವ ಬತ್ನುಲ್ ಗೂಲ್ ಎಂಬ ಜಾಗವನ್ನು ತೋರಿಸಿ. ಹುಬ್ಬಳ್ಳಿಯ ಹಿರಿಯರು ಹೇಳಿದ ಮೋಜಣಿಯ ಕಷ್ಟ ವಿದ್ಯಾರ್ಥಿಗಳಿಗೆ ಆ ತಿರುವುಗಳನ್ನು ನೋಡಿದರೆ ತಾನಾಗಿ ತಿಳಿಯುತ್ತದೆ. ಮೈಸ್ನರ್ ಪಾಶಾ ಖುದ್ದಾಗಿ ನಿಂತು ನೋಡಿಕೊಂಡ ಭಾಗ ಅದು. ಮುಖ್ತಾರ್ ಬೇ ಅವರ ಭಾಗವನ್ನು ಅದರ ಪಕ್ಕದಲ್ಲಿಟ್ಟು ಕಟ್ಟಡದ ರೀತಿಯನ್ನು ಹೋಲಿಸಲು ಹೇಳಿ, ವ್ಯತ್ಯಾಸ ಹುಡುಕಲು ಬಿಡಿ.